ಮಧುಮೇಹ: ಪಥ್ಯ ಮತ್ತು ನಡಿಗೆಯ ಚರಿತ್ರೆ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದರೆ ಸಾಕು, ಸಲಹೆಗಳ ಸುರಿಮಳೆಯೇ ಆಗುತ್ತದೆ. ಅನ್ನ ಬಿಡಿ, ಮುದ್ದೆ ಉಣ್ಣಿ. ರಾತ್ರಿ ಎರಡೇ ಚಪಾತಿ ಸಾಕು. ಬೆಳಗ್ಗೆ ಎದ್ದು ಹಾಗಲಕಾಯಿ ರಸ ಕುಡಿಯಿರಿ. ದಿನವೂ ನಡೆಯಿರಿ, ಮಾತ್ರೆಯ ಗೊಡವೆಯೇ ಬೇಡ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ನೀವು ಏನೆಂದು ಉತ್ತರಿಸುವಿರಿ?

ಆಹಾರ ಮತ್ತು ವ್ಯಾಯಾಮದಿಂದ ಮಧುಮೇಹವನ್ನು ಹತೋಟಿಯಲ್ಲಿಡುವ ಪ್ರಯತ್ನ ತೀರ ಹಳೆಯದು. ಆ ಪ್ರಯತ್ನ ಕೆಲವರನ್ನು ಉಳಿಸಿದೆ. ಕೆಲವರನ್ನು ಹಸಿವಿನಿಂದ ನರಳಿಸಿದೆ. ಈ ವ್ಯತ್ಯಾಸಕ್ಕೆ ಕಾರಣ ತಿಳಿದರೆ ಇಂದಿನ ಸಲಹೆಗಳನ್ನು ತೂಗಿ ನೋಡುವುದು ಸುಲಭ. ಮುಂದಿನ ಘಟನೆಗಳನ್ನು ಓದುವಾಗ ಮೂರು ಪ್ರಶ್ನೆಗಳು ನಿಮ್ಮ ಮನಸ್ಸಿನಲ್ಲಿರಲಿ: ಪಥ್ಯ ಯಾರಿಗೆ? ಎಷ್ಟು? ಫಲವನ್ನು ಅಳೆದು ನೋಡಿದ್ದಾರೆಯೇ?

ಬಾವಿ ತೋಡುವ ಚಿಕಿತ್ಸೆ

ಪ್ರಮೇಹ ರೋಗಿಗಳ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಸುಶ್ರುತ ಸಂಹಿತೆ ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಹುಟ್ಟಿನಿಂದಲೇ ಬರುವ ‘ಸಹಜ’ ಒಂದು. ಅಪಥ್ಯದಿಂದ, ಅಂದರೆ ಆಹಾರ ವಿಹಾರಗಳ ದೋಷದಿಂದ ಬರುವುದು ಇನ್ನೊಂದು. ಮೊದಲ ಬಗೆಯ ರೋಗಿ ಕೃಶ, ಎರಡನೆಯವನು ಸ್ಥೂಲ.

ಸ್ಥೂಲ ರೋಗಿಗೆ ಹೇಳಿದ ಚಿಕಿತ್ಸೆ ಕುತೂಹಲಕರವಾಗಿದೆ. ಬಡವನಾದರೆ ಕೊಡೆ, ಪಾದರಕ್ಷೆ ಇಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಧನಿಕನಾದರೆ ಸಾಮೆ, ನೆಲ್ಲಿಕಾಯಿ, ಬೇಲದ ಹಣ್ಣುಗಳನ್ನು ತಿಂದು ಕಾಡಿನಲ್ಲಿರಬೇಕು. ಹೊಲ ಉಳಬಹುದು, ಬಾವಿ ತೋಡಬಹುದು. ಆದರೆ ಇದರ ಜೊತೆಗೇ ಒಂದು ಎಚ್ಚರಿಕೆಯೂ ಇದೆ: ಕೃಶನಾದವನನ್ನು ಸದಾ ಕಾಪಾಡಿಕೊಳ್ಳಬೇಕು. ಅವನಿಗೆ ಬೇಕಾದದ್ದು ಪೋಷಣೆ.

ಈ ವಿಂಗಡಣೆಯನ್ನು ಇಂದಿನ ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹಗಳೆಂದು ನೇರವಾಗಿ ಸಮೀಕರಿಸುವುದು ಸರಿಯಲ್ಲ. ಅಂದಿನ ವೈದ್ಯರಿಗೆ ರಕ್ತದಲ್ಲಿನ ಸಕ್ಕರೆಯಾಗಲಿ ಇನ್ಸುಲಿನ್ ಆಗಲಿ ತಿಳಿದಿರಲಿಲ್ಲ. ಆದರೂ ‘ಯಾರಿಗೆ?’ ಎಂಬ ಪ್ರಶ್ನೆಯನ್ನು ಅವರು ಕೇಳಿದ್ದರು. ಮುಂದೆ ಎಷ್ಟೋ ಶತಮಾನಗಳ ಬಳಿಕ ಯೂರೋಪಿನ ವೈದ್ಯರು ಇದೇ ಪ್ರಶ್ನೆಯಲ್ಲಿ ಎಡವಿದರು.

ಸಿಹಿ ಬರುವುದು ಎಲ್ಲಿಂದ?

ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 17ನೆಯ ಶತಮಾನದಲ್ಲಿ ರೋಗಿಗಳ ಮೂತ್ರ ಜೇನಿನಂತೆ ಸಿಹಿಯಾಗಿರುವುದನ್ನು ಗುರುತಿಸಿದ. ಆ ಸಿಹಿ ಯಾವ ವಸ್ತುವಿನದು ಎಂಬುದು ಮಾತ್ರ ಒಗಟಾಗಿಯೇ ಉಳಿಯಿತು. 1776ರಲ್ಲಿ ಲಿವರ್‌ಪೂಲ್‌ನ ವೈದ್ಯ ಮ್ಯಾಥ್ಯೂ ಡಾಬ್ಸನ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಆತ ಮೂತ್ರವನ್ನು ನಿಧಾನವಾಗಿ ಇಂಗಿಸಿದಾಗ ತಳದಲ್ಲಿ ಕಂದು ಸಕ್ಕರೆಯಂಥ ಹರಳುಗಳು ಉಳಿದವು. ರಕ್ತದಿಂದ ಬೇರ್ಪಟ್ಟ ದ್ರವವೂ ಸಿಹಿಯಾಗಿತ್ತು. ಅಂದಮೇಲೆ ಸಕ್ಕರೆಯನ್ನು ಮೂತ್ರಪಿಂಡ ತಯಾರಿಸುತ್ತಿಲ್ಲ, ರಕ್ತದಲ್ಲಿರುವುದನ್ನು ಹೊರಹಾಕುತ್ತಿದೆ ಅಷ್ಟೆ. ಕೆಲವು ರೋಗಿಗಳು ಕೆಲವೇ ವಾರಗಳಲ್ಲಿ ಸಾಯುತ್ತಾರೆ, ಇನ್ನು ಕೆಲವರು ಬಹುಕಾಲ ಬದುಕುತ್ತಾರೆ ಎಂಬುದನ್ನೂ ಡಾಬ್ಸನ್ ಬರೆದಿಟ್ಟ.

ರಕ್ತದಲ್ಲಿ ಸಕ್ಕರೆ ಇದ್ದರೆ ಅದು ಆಹಾರದಿಂದ ಬಂದಿರಬೇಕಲ್ಲವೇ? ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ರೋಲೊ ಹೀಗೆ ತರ್ಕಿಸಿದ. ಮೆರೆಡಿತ್ ಎಂಬ ಕ್ಯಾಪ್ಟನ್ ಅವನ ರೋಗಿ, ಹಿಂದೆ ಸ್ಥೂಲಕಾಯನಾಗಿದ್ದವನು. ಸಸ್ಯಾಹಾರವೇ ಸಕ್ಕರೆಯಾಗುತ್ತದೆ ಎಂದು ಭಾವಿಸಿದ ರೋಲೊ ಅವನಿಗೆ ಹೆಚ್ಚಾಗಿ ಮಾಂಸ, ಕೊಬ್ಬು, ಹಾಲು ಮತ್ತು ಸುಣ್ಣದ ತಿಳಿನೀರನ್ನು ಕೊಟ್ಟ. ಸಕ್ಕರೆ ಇಳಿಯಿತು, ರೋಗಿ ಚೇತರಿಸಿಕೊಂಡ. 1797ರಲ್ಲಿ ರೋಲೊ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಪಥ್ಯವನ್ನು ಬರೆದುಕೊಟ್ಟು, ಮೂತ್ರದ ಸಕ್ಕರೆಯನ್ನು ಪರೀಕ್ಷಿಸಿ, ಎರಡನ್ನೂ ಹೋಲಿಸಿ ನೋಡಿದ್ದು ಅವನ ಕೊಡುಗೆ. ಹಳಸಿದ ಮಾಂಸವನ್ನು ಬಹುಕಾಲ ತಿನ್ನಲು ಯಾರಿಂದ ಸಾಧ್ಯ ಎಂಬುದು ಬೇರೆ ಮಾತು.

ಮುತ್ತಿಗೆಗೆ ಸಿಲುಕಿದ ಪ್ಯಾರಿಸ್

1870ರ ಸೆಪ್ಟೆಂಬರ್‌ನಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿತು. 1871ರ ಜನವರಿ ಕೊನೆಯವರೆಗೂ ನಗರದೊಳಕ್ಕೆ ಆಹಾರ ಬರಲಿಲ್ಲ. ಜನರು ಕುದುರೆ, ಬೆಕ್ಕು, ಇಲಿಗಳನ್ನು ತಿಂದರು. ಈ ಸಂಕಟದ ದಿನಗಳಲ್ಲಿ ಅಪೊಲಿನೇರ್ ಬುಷಾರ್ಡ ಎಂಬ ವೈದ್ಯ ಒಂದು ವಿಚಿತ್ರವನ್ನು ಕಂಡ. ಅವನ ಮಧುಮೇಹಿಗಳಲ್ಲಿ ಹಲವರ ಮೂತ್ರದಿಂದ ಸಕ್ಕರೆ ಮಾಯವಾಗಿತ್ತು!

ಅಲ್ಲಿಯವರೆಗೆ ಎಲ್ಲರ ಗಮನ ‘ಏನು ತಿನ್ನಬೇಕು’ ಎಂಬುದರ ಮೇಲಿತ್ತು. ‘ಎಷ್ಟು ತಿನ್ನಬೇಕು’ ಎಂಬುದೂ ಮುಖ್ಯವೆಂದು ಪ್ಯಾರಿಸ್ ತೋರಿಸಿಕೊಟ್ಟಿತು. ಆಗ ಮಿತಾಹಾರ ಬುಷಾರ್ಡನ ಮೊದಲ ಸೂತ್ರವಾಯಿತು. ಹಸಿರು ಸೊಪ್ಪು ತರಕಾರಿ, ಪಿಷ್ಟ ಕಡಿಮೆ ಇರುವ ಗ್ಲೂಟನ್ ಬ್ರೆಡ್, ಬೆವರು ಸುರಿಯುವಷ್ಟು ಮೈಗೆಲಸ, ಇವು ಉಳಿದ ಸೂತ್ರಗಳು. ಪ್ರತಿಯೊಬ್ಬ ರೋಗಿಯೂ ತನ್ನ ಮೂತ್ರವನ್ನು ದಿನವೂ ತಾನೇ ಪರೀಕ್ಷಿಸಿಕೊಳ್ಳಬೇಕು ಎಂದೂ ಆತ ಹೇಳುತ್ತಿದ್ದ. ಇಂದು ಮನೆಯಲ್ಲಿ ಬೆರಳು ಚುಚ್ಚಿ ಗ್ಲೂಕೋಮೀಟರ್ ನೋಡುವವರೆಲ್ಲ ಬುಷಾರ್ಡನ ಶಿಷ್ಯರೇ.

ಈ ವಿಧಾನ ಎಲ್ಲರಿಗೂ ಫಲ ಕೊಡಲಿಲ್ಲ. ಸುಮಾರು 1880ರ ವೇಳೆಗೆ ಪ್ಯಾರಿಸಿನವನೇ ಆದ ಲಾನ್ಸೆರೊ ಎಂಬ ವೈದ್ಯ ‘ಕೃಶ ಮಧುಮೇಹ’ ಮತ್ತು ‘ಸ್ಥೂಲ ಮಧುಮೇಹ’ ಬೇರೆ ಬೇರೆ ಎಂದ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಸಕ್ಕರೆಯನ್ನು ಹತೋಟಿಯಲ್ಲಿಡುವ ಯಾವುದೋ ವಸ್ತು ಆ ಗ್ರಂಥಿಯಲ್ಲಿದೆ ಎಂದು ಖಚಿತವಾಯಿತು. ಆದರೆ ಅದು ಕೈಗೆ ಸಿಗಲು ಇನ್ನೂ ಮೂರು ದಶಕಗಳು ಬೇಕಾದವು.

ಹಸಿವೇ ಮದ್ದಾದಾಗ

ಆ ಮೂರು ದಶಕಗಳ ಕಥೆ ನೋವಿನದು. ಓಟ್ಸ್ ಪಥ್ಯ, ಆಲೂಗಡ್ಡೆ ಪಥ್ಯ, ಹಾಲಿನ ಪಥ್ಯ ಎಂದು ಒಬ್ಬೊಬ್ಬರು ಒಂದೊಂದನ್ನು ಸಾರಿದರು. ರೋಗಿಗಳು ಕದ್ದು ತಿನ್ನದಂತೆ ಕೋಣೆಗೆ ಬೀಗ ಹಾಕುವ ಕ್ರಮವೂ ಯೂರೋಪಿನ ಕೆಲವು ಆಸ್ಪತ್ರೆಗಳಲ್ಲಿ ಇತ್ತು.

ಅಮೆರಿಕದ ಫ್ರೆಡರಿಕ್ ಆಲೆನ್ ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳನ್ನು ಮಾಡಿದ ಶಿಸ್ತಿನ ಸಂಶೋಧಕ. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಉಪವಾಸ, ಬಳಿಕ ಸಕ್ಕರೆ ಮರಳಿ ಕಾಣಿಸದಷ್ಟೇ ಆಹಾರ. ಇದು ಆತ ರೂಪಿಸಿದ ಚಿಕಿತ್ಸೆ. ದಿನಕ್ಕೆ ಕೆಲವೇ ನೂರು ಕಿಲೋಕ್ಯಾಲರಿ ಆಹಾರದಲ್ಲಿ ಮಕ್ಕಳು ತಿಂಗಳುಗಟ್ಟಲೆ ಬದುಕಿದರು. ದೃಷ್ಟಿ ಕಳೆದುಕೊಂಡಿದ್ದ 12 ವರ್ಷದ ಒಬ್ಬ ಹುಡುಗನ ಮೂತ್ರದಲ್ಲಿ ಆಗಾಗ ಸಕ್ಕರೆ ಕಾಣಿಸುತ್ತಿತ್ತು. ವಿಚಾರಿಸಿದಾಗ, ಹಸಿವು ತಾಳಲಾರದೆ ಅವನು ಪಂಜರದ ಹಕ್ಕಿಯ ಕಾಳನ್ನೂ ಟೂತ್‌ಪೇಸ್ಟನ್ನೂ ತಿಂದಿದ್ದನೆಂದು ತಿಳಿಯಿತು.

ಆಲೆನ್‌ನನ್ನು ಕ್ರೂರಿ ಎಂದು ತಳ್ಳಿಹಾಕುವಂತಿಲ್ಲ. ಬೇರೆ ಯಾವ ಮದ್ದೂ ಇಲ್ಲದ ಕಾಲದಲ್ಲಿ ಅವನ ಪಥ್ಯ ಸಾವನ್ನು ಮುಂದೂಡಿತು. ಎಲಿಜಬೆತ್ ಹ್ಯೂಸ್ ಇದಕ್ಕೆ ಉದಾಹರಣೆ. ಅಮೆರಿಕದ ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳಾದ ಈಕೆಗೆ 1919ರಲ್ಲಿ, 11ನೆಯ ವಯಸ್ಸಿನಲ್ಲಿ ಮಧುಮೇಹ ಬಂತು. ಆಲೆನ್‌ನ ಪಥ್ಯದಲ್ಲಿ ಮೂರು ವರ್ಷ ಜೀವ ಹಿಡಿದುಕೊಂಡಳು. 1922ರ ಆಗಸ್ಟ್‌ನಲ್ಲಿ ಟೊರಾಂಟೊ ತಲುಪಿದಾಗ, 15 ತುಂಬುತ್ತಿದ್ದ ಆ ಹುಡುಗಿಯ ತೂಕ ಸುಮಾರು 20 ಕಿಲೋಗ್ರಾಂ ಮಾತ್ರ. ಅಲ್ಲಿ ಅವಳಿಗೆ ಇನ್ಸುಲಿನ್ ಸಿಕ್ಕಿತು. ಆಕೆ 1981ರವರೆಗೆ ಬದುಕಿದಳು.

ಇಲ್ಲೊಂದು ಅಂಶವನ್ನು ಗಮನಿಸಿ. ಪ್ಯಾರಿಸಿನಲ್ಲಿ ಸ್ಥೂಲಕಾಯದ ವಯಸ್ಕರಿಗೆ ಒಳಿತು ಮಾಡಿದ ಮಿತಾಹಾರ, ಇನ್ಸುಲಿನ್ನೇ ಉತ್ಪತ್ತಿಯಾಗದ ಮಗುವಿನ ಮೂಳೆ ಚಕ್ಕಳ ಕಾಣುವಂತೆ ಮಾಡಿತು. ಪಥ್ಯದ ತತ್ವ ಒಂದೇ. ರೋಗಗಳು ಮಾತ್ರ ಎರಡು.

ಇನ್ಸುಲಿನ್ ಬಂದ ಮೇಲೆ

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮತ್ತು ಮ್ಯಾಕ್ಲಿಯಾಡ್ ಅವರ ಟೊರಾಂಟೊ ಸಂಶೋಧನೆಯನ್ನು ನೀವು ಪಠ್ಯಪುಸ್ತಕಗಳಲ್ಲಿ ಓದಿರುತ್ತೀರಿ. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು.

ಮದ್ದು ಬಂದ ಮೇಲೆ ಪಥ್ಯ, ವ್ಯಾಯಾಮಗಳ ಅಗತ್ಯ ಮುಗಿಯಿತೇ? ಇಲ್ಲ. ಆಹಾರ, ವ್ಯಾಯಾಮ, ಇನ್ಸುಲಿನ್ ಈ ಮೂರೂ ಒಂದೇ ರಥದ ಕುದುರೆಗಳು ಎಂದು ಬಾಸ್ಟನ್‌ನ ಎಲಿಯಟ್ ಜಾಸ್ಲಿನ್ ತನ್ನ ರೋಗಿಗಳಿಗೆ ಬೋಧಿಸಿದ. ಲಂಡನ್ನಿನ ಆರ್.ಡಿ. ಲಾರೆನ್ಸ್ ಸ್ವತಃ ಮಧುಮೇಹಿ; 1923ರಲ್ಲಿ ಇನ್ಸುಲಿನ್‌ನಿಂದ ಬದುಕುಳಿದ ವೈದ್ಯ. ವ್ಯಾಯಾಮ ಮಾಡಿದಾಗ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚು ಸಕ್ಕರೆ ಇಳಿಸುತ್ತದೆ ಎಂದು ಆತ 1926ರಲ್ಲಿ ತೋರಿಸಿದ.

‘ಯಾರಿಗೆ?’ ಎಂಬ ಪ್ರಶ್ನೆಗೆ ಪ್ರಯೋಗದ ಉತ್ತರ ದೊರೆತದ್ದು 1936ರಲ್ಲಿ. ಬ್ರಿಟನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಮತ್ತು ಇನ್ಸುಲಿನ್‌ಗಳನ್ನು ಒಟ್ಟಿಗೆ ಕೊಟ್ಟು ರಕ್ತದ ಸಕ್ಕರೆಯನ್ನು ಅಳೆದ. ಕೆಲವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಇನ್ನು ಕೆಲವರ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡಲೇ ಇಲ್ಲ. 1960ರಲ್ಲಿ ರೊಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದ ಇನ್ಸುಲಿನ್ನನ್ನೇ ಅಳೆಯುವ ವಿಧಾನವನ್ನು ಪ್ರಕಟಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ವಯಸ್ಕ ಮಧುಮೇಹಿಗಳಲ್ಲಿ ಅನೇಕರ ರಕ್ತದಲ್ಲಿ ಇನ್ಸುಲಿನ್ ಸಾಕಷ್ಟು ಇತ್ತು. ಅದಕ್ಕೆ ಅಂಗಾಂಶಗಳು ಮಣಿಯುತ್ತಿರಲಿಲ್ಲ. ಇದೇ ಎರಡನೆಯ ಬಗೆಯ ಮಧುಮೇಹದ ಮುಖ್ಯ ಲಕ್ಷಣ. ಪಥ್ಯ ಮತ್ತು ನಡಿಗೆಗೆ ಹೆಚ್ಚು ಅವಕಾಶವಿರುವುದು ಇಲ್ಲಿಯೇ.

ನಡೆದಾಗ ಏನಾಗುತ್ತದೆ?

ಒಂದು ಸರಳ ಲೆಕ್ಕ ಮಾಡಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಪ್ರತಿ 100 ಮಿಲಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ ಒಟ್ಟು ಎಷ್ಟಾಯಿತು? 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಎರಡು ನೂರು ಗ್ರಾಂ ಅನ್ನದಲ್ಲಿರುವ ಪಿಷ್ಟ ಜೀರ್ಣವಾದರೆ ಐವತ್ತು ಗ್ರಾಂಗೂ ಹೆಚ್ಚು ಗ್ಲೂಕೋಸ್ ಬರುತ್ತದೆ. ಎಂದರೆ ಒಂದು ಊಟದಲ್ಲಿ ರಕ್ತದ ಒಟ್ಟು ಗ್ಲೂಕೋಸಿನ ಹತ್ತು ಪಟ್ಟು ಒಳಬರುತ್ತದೆ. ಇಷ್ಟನ್ನೂ ರಕ್ತದಿಂದ ಬೇಗ ತೆಗೆದು ಎಲ್ಲೋ ಇಡಬೇಕು. ಆ ಉಗ್ರಾಣಗಳಲ್ಲಿ ದೊಡ್ಡದು ಸ್ನಾಯು, ಇನ್ನೊಂದು ಯಕೃತ್ತು.

ಸ್ನಾಯುಕೋಶದ ಒಳಗೆ ‘ಗ್ಲೂಟ್-4’ ಎಂಬ ಸಾಗಣೆ ಪ್ರೋಟೀನುಗಳಿವೆ. ಇನ್ಸುಲಿನ್ ಸಂಕೇತ ಕೊಟ್ಟಾಗ ಅವು ಕೋಶದ ಪೊರೆಗೆ ಬಂದು ಗ್ಲೂಕೋಸನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಎರಡನೆಯ ಬಗೆಯ ಮಧುಮೇಹದಲ್ಲಿ ಈ ಸಂಕೇತ ಕ್ಷೀಣವಾಗಿರುತ್ತದೆ. ಆದರೆ ಸ್ನಾಯು ಸಂಕುಚಿಸಿದಾಗ ಇದೇ ಪ್ರೋಟೀನುಗಳು ಬೇರೊಂದು ಸಂಕೇತದಿಂದ ಪೊರೆಗೆ ಬರುತ್ತವೆ. ಮುಂಬಾಗಿಲ ಬೀಗ ಕೆಟ್ಟಾಗ ಹಿತ್ತಿಲ ಬಾಗಿಲು ತೆರೆದ ಹಾಗೆ! ಊಟದ ನಂತರದ ನಡಿಗೆ ಸಕ್ಕರೆಯ ಏರಿಕೆಯನ್ನು ತಗ್ಗಿಸುವುದು ಹೀಗೆ. ವ್ಯಾಯಾಮ ನಿಲ್ಲಿಸಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುತ್ತದೆ. ಆದ್ದರಿಂದಲೇ ವಾರಕ್ಕೊಮ್ಮೆ ದೂರ ನಡೆಯುವುದಕ್ಕಿಂತ ವಾರವಿಡೀ ಹಂಚಿ ನಡೆಯುವುದು ಲೇಸು.

ಆಹಾರದ ವಿಷಯದಲ್ಲೂ ಅಳತೆ ಬಂತು. 1981ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 62 ಆಹಾರಗಳನ್ನು ಪರೀಕ್ಷಿಸಿ ‘ಗ್ಲೈಸಿಮಿಕ್ ಸೂಚ್ಯಂಕ’ವನ್ನು ಪ್ರಕಟಿಸಿದರು. ಸಮಪ್ರಮಾಣದ ಶರ್ಕರಪಿಷ್ಟವಿದ್ದರೂ ಒಂದೊಂದು ಆಹಾರ ರಕ್ತದ ಸಕ್ಕರೆಯನ್ನು ಒಂದೊಂದು ಮಟ್ಟಕ್ಕೆ ಏರಿಸುತ್ತದೆ. ಕಾಳುಗಳು ನಿಧಾನವಾಗಿ ಏರಿಸುವ ಗುಂಪಿನಲ್ಲಿದ್ದವು.

ಪಥ್ಯವೂ ಪರೀಕ್ಷೆಗೆ ಕುಳಿತಿತು

ಇಷ್ಟಾದರೂ ಒಂದು ಕೊರತೆ ಇತ್ತು. ಹೊಸ ಔಷಧವನ್ನು ಪರೀಕ್ಷಿಸುವಂತೆ, ಜನರನ್ನು ಗುಂಪುಗಳಾಗಿ ಹಂಚಿ ಆಹಾರ ಮತ್ತು ವ್ಯಾಯಾಮಗಳನ್ನೂ ಪರೀಕ್ಷಿಸಬೇಡವೇ? ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಈ ಕೆಲಸ ಆರಂಭವಾಯಿತು. ಸಕ್ಕರೆ ತುಸು ಏರಿದ್ದ, ಆದರೆ ಇನ್ನೂ ಮಧುಮೇಹವೆನ್ನಲಾಗದ 577 ಜನರನ್ನು ಆರು ವರ್ಷ ಗಮನಿಸಲಾಯಿತು. ಪಥ್ಯ ಮಾತ್ರ, ವ್ಯಾಯಾಮ ಮಾತ್ರ, ಎರಡೂ. ಈ ಮೂರೂ ಗುಂಪುಗಳಲ್ಲಿ ಮಧುಮೇಹ ಬಂದವರ ಪ್ರಮಾಣ ತಗ್ಗಿತು. 2019ರಲ್ಲಿ ಪ್ರಕಟವಾದ 30 ವರ್ಷಗಳ ವರದಿಯಂತೆ, ಇವರಲ್ಲಿ ಮಧುಮೇಹ ಸರಾಸರಿ ಸುಮಾರು 4 ವರ್ಷ ತಡವಾಗಿ ಬಂತು; ಹೃದಯ ಮತ್ತು ರಕ್ತನಾಳಗಳ ತೊಂದರೆಗಳು ಶೇ. 26ರಷ್ಟು ಕಡಿಮೆಯಾದವು.

ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ತೂಕವನ್ನು ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು ಒಂದು ಗುಂಪಿನ ಗುರಿ. ಆ ಗುಂಪಿನಲ್ಲಿ ಮಧುಮೇಹದ ಸಂಭವ ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದ ಗುಂಪಿನಲ್ಲಿ ಇಳಿಕೆ ಶೇ. 31.

ನಮ್ಮ ದೇಶದ್ದೇ ಪ್ರಯೋಗವೂ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಯಾವ ವಿಶೇಷ ನೆರವೂ ಇಲ್ಲದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಶೇ. 55 ಜನರಿಗೆ ಮಧುಮೇಹ ಬಂದರೆ, ಆಹಾರ ಮತ್ತು ನಡಿಗೆಯ ಗುಂಪಿನಲ್ಲಿ ಬಂದದ್ದು ಶೇ. 39 ಜನರಿಗೆ. ಈ ಇಳಿಕೆ ಅಮೆರಿಕದಷ್ಟು ದೊಡ್ಡದಲ್ಲ. ಆದರೆ ನಮ್ಮವರಲ್ಲಿ ಮಧುಮೇಹದತ್ತ ಸಾಗುವ ವೇಗ ಎಷ್ಟೆಂಬುದನ್ನೂ, ಅದನ್ನು ತಡೆಯಲು ಸಾಧ್ಯವೆಂಬುದನ್ನೂ ಈ ಅಂಕಿಗಳು ಒಟ್ಟಿಗೇ ಹೇಳುತ್ತವೆ.

ಬುಷಾರ್ಡ ಕಂಡ ವಿಚಿತ್ರಕ್ಕೂ ಇತ್ತೀಚೆಗೆ ಪುರಾವೆ ದೊರೆತಿದೆ. ಬ್ರಿಟನ್ನಿನಲ್ಲಿ ನಡೆದು 2017ರ ಕೊನೆಯಲ್ಲಿ ಪ್ರಕಟವಾದ ‘ಡೈರೆಕ್ಟ್’ ಪ್ರಯೋಗದಲ್ಲಿ, ಎರಡನೆಯ ಬಗೆಯ ಮಧುಮೇಹ ಬಂದು ಆರು ವರ್ಷ ಮೀರದವರಿಗೆ ವೈದ್ಯರ ನಿಗಾದಲ್ಲಿ 3ರಿಂದ 5 ತಿಂಗಳ ಕಾಲ ದಿನಕ್ಕೆ ಸುಮಾರು 850 ಕಿಲೋಕ್ಯಾಲರಿ ಆಹಾರ ಕೊಡಲಾಯಿತು. ಒಂದು ವರ್ಷದ ಬಳಿಕ ಶೇ. 46 ಜನರ ಸಕ್ಕರೆ ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. 15 ಕಿಲೋಗ್ರಾಂ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಈ ಪ್ರಮಾಣ ಶೇ. 86. ಎರಡು ವರ್ಷಗಳ ಕೊನೆಗೆ ಒಟ್ಟು ಪ್ರಮಾಣ ಶೇ. 36ಕ್ಕೆ ಇಳಿಯಿತು. ತೂಕ ಮರಳಿದರೆ ರೋಗವೂ ಮರಳುತ್ತದೆ. ಆದ್ದರಿಂದ ವೈದ್ಯರು ಇದನ್ನು ‘ಗುಣವಾಯಿತು’ ಎನ್ನದೆ ‘ಉಪಶಮನ’ ಎನ್ನುತ್ತಾರೆ.

ನಮ್ಮ ತಟ್ಟೆಗೆ ಬಂದರೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ, ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ನಿಮ್ಮ ತರಗತಿಯ ಮಕ್ಕಳ ಮನೆಗಳಲ್ಲೂ ಈ ಮಾತು ನಡೆಯುತ್ತಿರುತ್ತದೆ. ಈಗ ಮೊದಲಿನ ಸಲಹೆಗಳಿಗೆ ಮೂರು ಪ್ರಶ್ನೆಗಳನ್ನು ಹಾಕಿ ನೋಡೋಣ.

‘ಅನ್ನ ಬಿಟ್ಟು ಮುದ್ದೆ ಉಣ್ಣಿ’ ಎಂಬ ಸಲಹೆಗೆ ‘ಎಷ್ಟು?’ ಎಂದು ಕೇಳಿ. ಪಾಲಿಶ್ ಮಾಡಿದ ಅಕ್ಕಿಗಿಂತ ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವೂ ಹೆಚ್ಚು. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ದೊಡ್ಡ ಮುದ್ದೆ ಎರಡು ಉಂಡರೆ ಸಕ್ಕರೆ ಏರದೇ ಇರದು. ಮುದ್ದೆಯಾಗಲಿ ಅನ್ನವಾಗಲಿ ಅಳತೆಯಲ್ಲಿರಲಿ. ತಟ್ಟೆಯ ಅರ್ಧಭಾಗ ಸೊಪ್ಪು, ತರಕಾರಿಗೆ ಮೀಸಲಿರಲಿ. ಬಸ್ಸಾರಿನ ಕಾಳು, ಉಸಲಿ, ಮಜ್ಜಿಗೆಗಳಿಗೂ ಜಾಗವಿರಲಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿ.

‘ನಡೆದರೆ ಸಾಕು, ಮಾತ್ರೆ ಬೇಡ’ ಎಂಬ ಸಲಹೆಗೆ ‘ಯಾರಿಗೆ?’ ಎಂದು ಕೇಳಲೇಬೇಕು. ಒಂದನೆಯ ಬಗೆಯ ಮಧುಮೇಹಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಅಂಥವರಿಗೆ ಕಠಿಣ ಪಥ್ಯ ಹೇಳುವುದೆಂದರೆ 1922ಕ್ಕಿಂತ ಹಿಂದಕ್ಕೆ ಕರೆದೊಯ್ದಂತೆ. ಇನ್ಸುಲಿನ್ ಅಥವಾ ಅದನ್ನು ಹೆಚ್ಚು ಸ್ರವಿಸುವಂತೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಉಪವಾಸ ಮಾಡಿದರೆ, ವಾಡಿಕೆಗಿಂತ ಹೆಚ್ಚು ದುಡಿದರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ನಡುಕ, ಬೆವರು, ಗಲಿಬಿಲಿ ಇದರ ಸೂಚನೆಗಳು. ಆಗ ಕೂಡಲೇ ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ಕೊಡಬೇಕು. ಶಾಲೆಯಲ್ಲಿ ಅಂಥ ಮಗುವಿದ್ದರೆ ಅದು ತರಗತಿಯ ನಡುವೆ ತಿಂಡಿ ತಿನ್ನಲು ಅನುಮತಿ ಕೇಳಿ ಕಾಯುವಂತಾಗಬಾರದು.

ಮೂರನೆಯದು ಅಳತೆಯ ಪ್ರಶ್ನೆ. ಮೂತ್ರದಲ್ಲಿ ಸಕ್ಕರೆ ಕಾಣಿಸುವುದು ಸಾಮಾನ್ಯವಾಗಿ ರಕ್ತದ ಮಟ್ಟ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ. ಬುಷಾರ್ಡ ಮತ್ತು ಆಲೆನ್‌ಗೆ ಇದ್ದ ಮುಖ್ಯ ಆಧಾರ ಆ ಮೂತ್ರಪರೀಕ್ಷೆ. ಇಂದು ಗ್ಲೂಕೋಮೀಟರ್ ಇದೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಇದೆ. ಹಾಗಲಕಾಯಿ ರಸವಿರಲಿ, ಹೊಸ ಪಥ್ಯವಿರಲಿ, ಫಲವನ್ನು ಈ ಅಂಕಿಗಳಲ್ಲಿ ನೋಡಬೇಕು. ಮಾತ್ರೆಯನ್ನು ಕಡಿಮೆ ಮಾಡುವುದಿದ್ದರೆ ಆ ಅಂಕಿಗಳನ್ನು ವೈದ್ಯರ ಮುಂದಿಟ್ಟು ಕೇಳಬೇಕು.

ಶಿಕ್ಷಕರು ಇದನ್ನು ಪ್ರಯೋಗಶಾಲೆಯಲ್ಲೇ ಆರಂಭಿಸಬಹುದು. ಬೇಯಿಸಿದ ಅನ್ನದ ಗಂಜಿಗೆ ತುಸು ಜೊಲ್ಲು ಬೆರೆಸಿ, ದೇಹದ ಉಷ್ಣತೆಯಲ್ಲಿ ಅರ್ಧ ಗಂಟೆ ಇಡಿ. ಜೊಲ್ಲು ಬೆರೆಸದ ಗಂಜಿಯನ್ನು ಇನ್ನೊಂದು ಪ್ರನಾಳದಲ್ಲಿಡಿ. ಎರಡಕ್ಕೂ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿ. ಮೊದಲ ಪ್ರನಾಳದ ನೀಲಿ ಬಣ್ಣ ಹಸಿರು, ಹಳದಿ, ಇಟ್ಟಿಗೆ ಕೆಂಪಿನತ್ತ ತಿರುಗುವುದನ್ನು ಮಕ್ಕಳು ನೋಡಲಿ. ಮುದ್ದೆಯ ಹಿಟ್ಟು, ಚಪಾತಿ, ಬೇಯಿಸಿದ ಕಾಳುಗಳಿಂದಲೂ ಮಾಡಿ ಹೋಲಿಸಲಿ. ‘ನಮ್ಮಜ್ಜಿ ಸಕ್ಕರೆ ತಿನ್ನುವುದೇ ಇಲ್ಲ, ಆದರೂ ಏಕೆ ಸಕ್ಕರೆ ಏರುತ್ತದೆ?’ ಎಂದು ಕೇಳುವ ಮಗುವಿಗೆ ಉತ್ತರ ಆ ಪ್ರನಾಳದಲ್ಲಿ ಸಿಗುತ್ತದೆ.